ಅಜ್ಜ ಬೇಕಂತಲೇ ಸೋಲಬಾರದು

ಬೇಸಿಗೆ ರಜೆ ಹತ್ತಿರ ಬಂತೆಂದರೆ ಈ ಪುಟಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. ಈ ಸಲ ಅದನ್ನು ಕೇಳಿದವರು ಕಾರಟಗಿಯ ಒಬ್ಬ ಅಜ್ಜ. "ಮೊಮ್ಮಕ್ಕಳು ಏಪ್ರಿಲ್‌ನಾಗ ಬರ್ತಾರ. ದೊಡ್ಡಾಕಿಗೆ ಹನ್ನೊಂದು, ಸಣ್ಣಾವಗ ಏಳು. ಮೊಬೈಲ್ ಬಿಟ್ಟು ಕುಂತು ಆಡೂವಂಥಾ, ತಲಿಗೆ ಕೆಲಸ ಕೊಡೂವಂಥಾ ಆಟ ಯಾವುದು ತರಬೇಕ್ರಿ? ಅಂಗಡ್ಯಾಗ ನೋಡಿದ್ರ ನೂರಾರು ಡಬ್ಬಿ ಅದಾವ" ಎಂದು ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಾರೆ: "ಹೋದ ವರ್ಷ ಚೆಸ್ ತಂದಿದ್ದೆ. ಎರಡ ದಿನ ಆಡಿ ಬಿಟ್ರು."

ನನಗೆ ಮುಖ್ಯವೆನಿಸಿದ್ದು ಈ ಕೊನೆಯ ಸಾಲು. ಎರಡು ದಿನಕ್ಕೆ ಯಾಕೆ ಬಿಟ್ಟರು? ಚದುರಂಗವೇನು ಕೆಟ್ಟ ಆಟವೇ? ಗಂಗಾವತಿಯ ನಮ್ಮ ಓಣಿಯಲ್ಲಿ ಸಂಜೆ ಆಡುವ ಹುಡುಗರನ್ನು ಕೂರಿಸಿಕೊಂಡು, ಮನೆಯ ಹಿರಿಯರ ಜೊತೆ ಯಾವ ಆಟ ಆಡಿ ಬಿಟ್ಟಿದ್ದೀರಿ, ಯಾಕೆ ಬಿಟ್ಟಿರಿ ಎಂದು ಕೇಳಿದೆ. ಒಬ್ಬ ಹೇಳಿದ: "ಯಾವಾಗ್ಲೂ ಅಜ್ಜನ ಗೆಲ್ತಾನ್ರಿ. ಸುಮ್ನ ಯಾಕ ಆಡೋದು?" ಅವನ ಪಕ್ಕದಲ್ಲಿ ಕೂತ ಹುಡುಗಿಯ ತಕರಾರು ಇದರ ತದ್ವಿರುದ್ಧ. "ನಮ್ಮಜ್ಜ ಬೇಕಂತ್ಲೆ ಸೋಲ್ತಾನ್ರಿ. ಮಂತ್ರೀನ ತಂದು ನನ್ನ ಕುದುರಿ ಮುಂದ ಇಡ್ತಾನ. ಗೊತ್ತಾಗ್ತೈತ್ರಿ ನಮಗ."

ಅಜ್ಜ-ಅಜ್ಜಿಯರೇ, ಗೊತ್ತಾಗುತ್ತದೆ. ಏಳು ವರ್ಷದ ಮಗುವಿಗೂ ಗೊತ್ತಾಗುತ್ತದೆ. ನೀವು ಪ್ರೀತಿಯಿಂದಲೇ ಸೋತಿರುತ್ತೀರಿ, ಮಗುವಿಗೆ ಮಾತ್ರ ಅದು ಬೇರೆ ಥರ ಕೇಳಿಸುತ್ತದೆ: "ನೀನಿನ್ನೂ ನನ್ನ ಜೊತೆ ಆಡುವಷ್ಟು ದೊಡ್ಡವಳಾಗಿಲ್ಲ." ಹಾಗಂತ ನಲವತ್ತು ವರ್ಷ ಆಡಿದ ಅನುಭವವನ್ನೆಲ್ಲ ತೆಗೆದು ಮಗುವಿನ ಮೇಲೆ ಸುರಿದರೆ ಅದೂ ಎದ್ದು ಹೋಗುತ್ತದೆ. ಸೋತು ಕೊಡಲೂಬಾರದು, ಸದಾ ಗೆಲ್ಲಲೂಬಾರದು ಅಂದರೆ ಮಾಡುವುದೇನು? ಆಡುವವರನ್ನು ಬಿಟ್ಟು ಆಟವನ್ನು ಸಮ ಮಾಡಬೇಕು. ಅದನ್ನೂ ಗುಟ್ಟಾಗಿ ಅಲ್ಲ, ಮಗುವಿನ ಮುಂದೆಯೇ, ಅದರ ಒಪ್ಪಿಗೆ ಪಡೆದು ಮಾಡಬೇಕು.

ಹಾಗಾಗಿ ಕುಟುಂಬಕ್ಕೆಂದು ಆಟ ಆರಿಸುವಾಗ ನಾನು ಮೊದಲು ನೋಡುವುದು ಡಬ್ಬಿಯ ಚಿತ್ರವನ್ನಲ್ಲ, ಬೆಲೆಯನ್ನೂ ಅಲ್ಲ. ಎಪ್ಪತ್ತರವರೂ ಏಳರವರೂ ಎದುರುಬದುರು ಕೂತರೆ ಇಬ್ಬರಿಗೂ ನಿಜವಾಗಿ ಗೆಲ್ಲುವ ದಾರಿ ಇದೆಯೇ, ಇಲ್ಲದಿದ್ದರೆ ಮಾಡಿಕೊಳ್ಳಲು ಬರುತ್ತದೆಯೇ? ಇದಾದ ಮೇಲೆ ಇನ್ನೊಂದು: ಪ್ರತಿ ಸರದಿಯಲ್ಲೂ ಮಗುವಿಗೆ ಯೋಚಿಸಿ ತೀರ್ಮಾನಿಸಲು ಏನಾದರೂ ಉಳಿದಿದೆಯೇ? ಹಾವು-ಏಣಿಯಲ್ಲಿ ಏನೂ ಉಳಿಯುವುದಿಲ್ಲ. ದಾಳ ಐದು ಅಂದರೆ ಐದು. ಕಾಯಿ ಏಣಿ ಹತ್ತುವುದೂ ಹಾವಿನ ಬಾಯಿಗೆ ಬೀಳುವುದೂ ದಾಳದ ಇಷ್ಟ. ನಾಲ್ಕು ವರ್ಷದ ಮಗುವಿಗೆ ಎಣಿಕೆ ಕಲಿಸಲು ಅದು ಒಳ್ಳೆಯದೇ. ಶಾಲೆಗೆ ಹೋಗುವ ಮಗುವಿನ ತಲೆಗೆ ಅಲ್ಲಿ ಕೆಲಸವಿಲ್ಲ.

ಈ ಎರಡೂ ಪರೀಕ್ಷೆಯಲ್ಲಿ ಪಾಸಾಗುವ ಒಂದು ಆಟಕ್ಕೆ ನೀವು ಅಂಗಡಿಗೆ ಹೋಗುವುದೇ ಬೇಡ. ಚೌಕಾಬಾರ. ಕಟ್ಟೆಮನೆ, ಗಟ್ಟಾಮನೆ, ಚಕ್ಕಾ ಎಂದು ಅದಕ್ಕೆ ಊರಿಗೊಂದು ಹೆಸರು. ಮಕ್ಕಳೇ, ಗೊತ್ತಿಲ್ಲದವರು ಹೀಗೆ ಗೆರೆ ಹಾಕಿಕೊಳ್ಳಿ: ಅಡ್ಡ ಐದು, ಉದ್ದ ಐದು, ಒಟ್ಟು 25 ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಟ್ಟನಡುವೆ 1. ನಾಲ್ಕೂ ಬದಿಯ ನಡುಮನೆಗೆ ಅಡ್ಡಗೀಟು ಹಾಕಿದರೆ ಅವು ಕಟ್ಟೆಗಳು. ಅಲ್ಲಿರುವ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಾಲ್ಕು ಕವಡೆ ಎಸೆದು, ಬಾಯಿ ಮೇಲಾಗಿ ಬಿದ್ದವನ್ನು ಎಣಿಸಬೇಕು. ನಾಲ್ಕೂ ಬಾಯಿ ಮೇಲಾದರೆ 4, ಅದು ಚೌಕ. ನಾಲ್ಕೂ ಬೋರಲಾದರೆ 8, ಅದು ಬಾರ. ಇವೆರಡು ಬಿದ್ದರೆ ಇನ್ನೊಂದು ಸಲ ಎಸೆಯಬಹುದು. ಹೊರಸುತ್ತು ಒಂದು ದಿಕ್ಕಿಗೆ ಮುಗಿಸಿ, ಒಳಸುತ್ತಿನಲ್ಲಿ ದಿಕ್ಕು ಬದಲಿಸಿ, ನಡುಮನೆ ಸೇರಿದರೆ ಕಾಯಿ ಹಣ್ಣು. ಆದರೆ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ.

ಈ ಕೊನೆಯ ನಿಯಮದಲ್ಲೇ ಆಟದ ಜೀವ ಇದೆ. ಹೆದರಿಕೊಂಡು ಕಟ್ಟೆಯಿಂದ ಕಟ್ಟೆಗೆ ಹಾರುತ್ತ ಕೂತವರು ಒಳಗೆ ಹೋಗುವುದೇ ಇಲ್ಲ. ಎಂದಾದರೂ ಒಂದು ಸಲ ಧೈರ್ಯ ಮಾಡಿ ಬಯಲಿಗೆ ಬರಲೇಬೇಕು. ಯಾವಾಗ ಬರುವುದು, ನಾಲ್ಕರಲ್ಲಿ ಯಾವ ಕಾಯಿಯನ್ನು ತರುವುದು? ಕವಡೆ ಹೇಳುವುದು ಸಂಖ್ಯೆಯನ್ನಷ್ಟೇ. ಯಾವ ಕಾಯಿ ಎಂಬುದು ನಿಮ್ಮ ತೀರ್ಮಾನ. ಅದೃಷ್ಟ ಇರುವುದರಿಂದ ಏಳು ವರ್ಷದವನು ಐದಾರು ಆಟದಲ್ಲಿ ಎರಡನ್ನಾದರೂ ಪ್ರಾಮಾಣಿಕವಾಗಿ ಗೆಲ್ಲುತ್ತಾನೆ. ಯೋಚನೆಯೂ ಬೇಕಾಗಿರುವುದರಿಂದ ಅಜ್ಜಿಯ ಅನುಭವ ವ್ಯರ್ಥವಾಗುವುದಿಲ್ಲ. ಸೋತವರು ಕವಡೆಯನ್ನು ಬೈದು ಎದ್ದುಹೋಗಬಹುದು, ಅದೂ ಒಂದು ಅನುಕೂಲವೇ.

ಇನ್ನು ಐದನೇ ತರಗತಿ ದಾಟಿದವರಿಗೆ ಒಂದು ಲೆಕ್ಕ. ಒಂದು ಕವಡೆ ಬೀಳುವುದು ಎರಡೇ ಥರ, ಅಂಗಾತ ಅಥವಾ ಬೋರಲು. ನಾಲ್ಕು ಕವಡೆ ಬೀಳುವ ಬಗೆಗಳು 2×2×2×2, ಅಂದರೆ 16. ಬೇಕಾದರೆ ಬರೆದು ನೋಡಿ. ಈ ಹದಿನಾರರಲ್ಲಿ 1 ಬರುವುದು ನಾಲ್ಕು ಬಗೆಯಲ್ಲಿ, 2 ಬರುವುದು ಆರು ಬಗೆಯಲ್ಲಿ, 3 ಬರುವುದು ನಾಲ್ಕು ಬಗೆಯಲ್ಲಿ. ಚೌಕ ಒಂದೇ, ಬಾರವೂ ಒಂದೇ. ಚೌಕ ಬಿದ್ದಾಗ ಅಜ್ಜಿಯರು ಅಷ್ಟು ಜೋರಾಗಿ ಕೂಗುವುದು ಸುಮ್ಮನೆ ಅಲ್ಲ. ಆದರೆ ಈ ಲೆಕ್ಕ ಕವಡೆ ಎರಡೂ ಕಡೆ ಸಮವಾಗಿ ಬೀಳುತ್ತದೆಂದು ನಂಬಿ ಮಾಡಿದ್ದು. ನಿಮ್ಮ ಮನೆಯ ಕವಡೆ ಹಾಗೆ ಬೀಳುತ್ತದೆಯೇ? ನೂರು ಸಲ ಎಸೆದು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ನೋಡಿ. ರಜೆಯಲ್ಲಿ ಹೋಮ್‌ವರ್ಕ್ ಕೊಟ್ಟೆನೆಂದು ಬೈಯಬೇಡಿ. ಕವಡೆ ಇಲ್ಲದ ಮನೆಯಲ್ಲಿ ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಬದಿ ಬಿಳಿ ಮಾಡಿಕೊಳ್ಳುತ್ತಾರೆ. ಅದಕ್ಕೂ ಇದೇ ಪರೀಕ್ಷೆ ಮಾಡಬಹುದು.

ಒಂದು ಎಚ್ಚರಿಕೆ. ಚೌಕಾಬಾರದ ನಿಯಮ ಮನೆಯಿಂದ ಮನೆಗೆ ಬೇರೆ. ಸಾಲಾಗಿ ಮೂರು ಚೌಕ ಬಿದ್ದರೆ ಲೆಕ್ಕಕ್ಕಿದೆಯೋ ಇಲ್ಲವೋ, ಜೋಡಿ ಕಾಯಿಯನ್ನು ಒಂಟಿ ಕಾಯಿ ಹೊಡೆಯಬಹುದೋ ಇಲ್ಲವೋ, ಇವೆಲ್ಲ ಅವ್ವನ ತವರಿನಲ್ಲಿ ಒಂದು, ಅಪ್ಪನ ಊರಿನಲ್ಲಿ ಇನ್ನೊಂದು. ಆಟ ಶುರುವಾಗುವ ಮೊದಲೇ ಮಾತಾಡಿಕೊಂಡು, ಮನೆಯ ಅತಿ ಚಿಕ್ಕ ಬರಹಗಾರರ ಕೈಯಲ್ಲಿ ಒಂದು ಹಾಳೆಗೆ ಬರೆಸಿ ಗೋಡೆಗೆ ಅಂಟಿಸಿ.

ಈಗ ಅದೃಷ್ಟದ ಹಂಗೇ ಇಲ್ಲದ ಆಟಗಳಿಗೆ ಬರೋಣ. ಇಲ್ಲಿ ಹಿರಿಯರ ಬಲ ಪೂರ್ತಿ ಬೀಳುತ್ತದೆ, ಹಾಗಾಗಿ ಸಮ ಮಾಡುವ ಉಪಾಯವೂ ಬೇಕು. ಇವುಗಳಲ್ಲಿ ನನ್ನ ಮೊದಲ ಆಯ್ಕೆ ಹುಲಿ-ಕುರಿ ಆಟ.

ಗಂಗಾವತಿಯವರಿಗೆ ಈ ಆಟದ ಹಳೆಯ ಹಲಗೆಗಳನ್ನು ನೋಡಲು ದೂರ ಹೋಗಬೇಕಿಲ್ಲ. ಆನೆಗೊಂದಿಯ ಕಡೆಯಿಂದ ಹೋಗಿ ಕಡೇಬಾಗಿಲು–ಬುಕ್ಕಸಾಗರ ಸೇತುವೆ ದಾಟಿದರೆ ಹಂಪಿ. ಅಲ್ಲಿ ಎಲ್ಲರೂ ತಲೆ ಎತ್ತಿ ಕಂಬ, ಗೋಪುರ ನೋಡುತ್ತಾರೆ. ನೀವು ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಡೆಯಿರಿ. ಮಂಟಪಗಳ ಕಲ್ಲುಹಾಸಿನ ಮೇಲೆ, ಜಗಲಿಯ ಅಂಚಿನಲ್ಲಿ ಗೀರಿದ ಚೌಕಗಳು, ತ್ರಿಕೋನಗಳು, ಸಾಲು ಸಾಲು ಗುಳಿಗಳು ಕಾಣುತ್ತವೆ. ಜಾರ್ಜ್ ಮಿಚೆಲ್ ಜೊತೆ ದಶಕಗಳ ಕಾಲ ಹಂಪಿಯ ಅವಶೇಷಗಳನ್ನು ಅಳೆದು ದಾಖಲಿಸಿದ ಜಾನ್ ಫ್ರಿಟ್ಜ್ ಅವರು ಈ ಆಟದ ಹಲಗೆಗಳನ್ನೂ ಗುರುತಿಸಿ ಅವುಗಳ ಬಗ್ಗೆ ಬರೆದಿದ್ದಾರೆ. ಗೀರಿದವರು ಕಾವಲಿನವರೋ, ಜಾತ್ರೆಗೆ ಬಂದವರೋ, ಆಮೇಲೆ ಕುರಿ ಕಾಯಲು ಬಂದವರೋ? ಕಲ್ಲಿನ ಗೀರಿಗೆ ತಾರೀಖು ಇರುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ನೆರಳಲ್ಲಿ ಕೂತ ಇಬ್ಬರಿಗೆ ಹೊತ್ತು ಹೋಗಬೇಕಿತ್ತು ಎಂಬುದಂತೂ ನಮ್ಮ ಬೇಸಿಗೆ ಕಂಡವರಿಗೆ ಹೇಳಬೇಕಾಗಿಲ್ಲ. ನೋಡಿ, ಚಿತ್ರ ಬರೆದುಕೊಳ್ಳಿ. ಅದರ ಮೇಲೆ ಸೀಮೆಸುಣ್ಣ ತಿದ್ದುವುದು, ಹೊಸದಾಗಿ ಗೀರುವುದು ಮಾತ್ರ ಬೇಡ. ಅದು ಸಂರಕ್ಷಿತ ಸ್ಮಾರಕ.

ಗೀರುವುದಕ್ಕೆ ನಿಮ್ಮ ಮನೆಯ ಅಂಗಳ ಇದೆಯಲ್ಲ! ಮೇಲೊಂದು ಚುಕ್ಕೆ ಇಡಿ. ಅಲ್ಲಿಂದ ಬೆಟ್ಟದ ಹಾಗೆ ಅಗಲವಾಗುತ್ತ ನಾಲ್ಕು ಗೆರೆ ಕೆಳಗೆ ಎಳೆಯಿರಿ. ನಾಲ್ಕರ ಬುಡವನ್ನೂ ಒಂದು ಅಡ್ಡಗೆರೆಯಿಂದ ಸೇರಿಸಿ. ತುದಿಗೂ ಬುಡಕ್ಕೂ ನಡುವೆ ಮೂರು ಅಡ್ಡಗೆರೆ ಎಳೆಯಿರಿ, ಅವು ಬೆಟ್ಟದ ಎರಡೂ ಬದಿ ಒಂದು ಗೇಣು ಹೊರಗೆ ಚಾಚಲಿ. ಚಾಚಿದ ತುದಿಗಳನ್ನು ಎಡಗಡೆ ಒಂದು, ಬಲಗಡೆ ಒಂದು ಗೆರೆಯಿಂದ ಮೇಲೆ-ಕೆಳಗೆ ಸೇರಿಸಿ. ಗೆರೆಗಳು ಸೇರುವ ಜಾಗಗಳನ್ನು ಎಣಿಸಿ: ತುದಿ 1, ಮೂರು ಸಾಲಿನಲ್ಲಿ ಆರಾರರಂತೆ 18, ಬುಡದಲ್ಲಿ 4. ಒಟ್ಟು 23 ಬಂದರೆ ಹಲಗೆ ಸರಿ.

ಒಬ್ಬರಿಗೆ ಮೂರು ಹುಲಿ, ಇನ್ನೊಬ್ಬರಿಗೆ ಹದಿನೈದು ಕುರಿ. ಒಂದು ಹುಲಿ ತುದಿಯಲ್ಲಿ, ಎರಡು ಅದರ ಕೆಳಗಿನ ಸಾಲಿನ ನಡುವೆ ಕೂರುತ್ತವೆ. ಕುರಿಗಳು ಒಂದು ಸರದಿಗೆ ಒಂದರಂತೆ ಹಲಗೆಗೆ ಬರುತ್ತವೆ. ಹದಿನೈದೂ ಬಂದು ಮುಗಿಯುವವರೆಗೆ ಯಾವ ಕುರಿಯೂ ಜಾಗ ಬಿಟ್ಟು ಕದಲುವಂತಿಲ್ಲ. ಹುಲಿ ಪಕ್ಕದ ಕುರಿಯ ಮೇಲಿಂದ ನೇರ ಗೆರೆಯಲ್ಲಿ ಖಾಲಿ ಜಾಗಕ್ಕೆ ಹಾರಿದರೆ ಆ ಕುರಿ ಹೋಯಿತು. ಕುರಿಗೆ ತಿನ್ನುವ ಹಕ್ಕಿಲ್ಲ, ಅದರ ಬಲವೆಲ್ಲ ಒಗ್ಗಟ್ಟಿನಲ್ಲಿ. ಹಿಂದೆ ಇನ್ನೊಂದು ಕುರಿ ನಿಂತಿದ್ದರೆ ಹುಲಿಗೆ ಇಳಿಯಲು ಜಾಗವಿಲ್ಲ, ಹಾರಲಾರದು. ಹೀಗೆ ಕಟ್ಟುತ್ತ ಕಟ್ಟುತ್ತ ಮೂರೂ ಹುಲಿಗಳನ್ನು ಅಲುಗಾಡದಂತೆ ಮಾಡಿದರೆ ಕುರಿಗಳ ಗೆಲುವು. ನೇಪಾಳದಲ್ಲಿ ಇದೇ ಜಾತಿಯ ಬಾಘ್‌ಚಾಲ್ ಎಂಬ ಆಟವಿದೆ. ಅಲ್ಲಿ ಚೌಕದ ಹಲಗೆ, ನಾಲ್ಕು ಹುಲಿ, ಇಪ್ಪತ್ತು ಆಡು.

ಎರಡು ಪಕ್ಷದ ಬಲವೂ ಗುರಿಯೂ ಬೇರೆಬೇರೆ ಆಗಿರುವುದೇ ನಮಗೆ ಬೇಕಾದ ಅನುಕೂಲ. ಒಂದು ಆಟ ನೀವು ಹುಲಿ, ಮುಂದಿನ ಆಟ ಮೊಮ್ಮಗಳು ಹುಲಿ. ಯಾರ ಹುಲಿ ಹೆಚ್ಚು ಕುರಿ ತಿಂದಿತೋ ಅವರು ಗೆದ್ದ ಹಾಗೆ. ಅಷ್ಟರಲ್ಲೂ ಸಮವಾಗದಿದ್ದರೆ ಕುರಿಯ ಸಂಖ್ಯೆಯನ್ನೇ ಬದಲಿಸಬಹುದು. ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ, ನಮ್ಮ ಓಣಿಯ ಒಬ್ಬ ಅಜ್ಜಿಯಿಂದ ಕಲಿತದ್ದು. ಅವರ ಒಂಬತ್ತು ವರ್ಷದ ಮೊಮ್ಮಗಳು ತಂದೆಯ ವರ್ಗಾವಣೆಯಿಂದಾಗಿ ಒಂದು ವರ್ಷ ಅಜ್ಜಿಯ ಮನೆಯಲ್ಲೇ ಉಳಿಯಬೇಕಾಯಿತು. ಹೊಸ ಶಾಲೆ, ಗೆಳತಿಯರಿಲ್ಲ, ಅವ್ವ ಫೋನಿನಲ್ಲಿ ಮಾತ್ರ. ಸಂಜೆ ಆದರೆ ಹುಡುಗಿ ಮೂಲೆ ಹಿಡಿದು ಕೂರುತ್ತಿದ್ದಳು. ಅಜ್ಜಿ ಅಂಗಳದಲ್ಲಿ ಗೆರೆ ಎಳೆದು, ಹುಣಸೆ ಬೀಜದ ಕುರಿ, ಇದ್ದಿಲಿನ ಹುಲಿ ಮಾಡಿ ಕರೆದರು. ಒಪ್ಪಂದ ಹೀಗೆ: ಅಜ್ಜಿ ಯಾವಾಗಲೂ ಹುಲಿ. ಹುಡುಗಿಗೆ ಮೊದಲ ದಿನ ಹದಿನೆಂಟು ಕುರಿ. ಅವಳು ಗೆದ್ದರೆ ಮರುದಿನ ಒಂದು ಕುರಿ ಕಡಿಮೆ, ಸೋತರೆ ಒಂದು ಹೆಚ್ಚು.

ಅಜ್ಜಿ ಒಂದು ದಿನವೂ ಬೇಕಂತ ಸೋಲಲಿಲ್ಲ. ಹುಡುಗಿ ಮೊದಲ ವಾರ ಸೋತು ಸೋತು ಇಪ್ಪತ್ತು ಕುರಿಯವರೆಗೂ ಹೋದಳಂತೆ. ಆಮೇಲೆ ಒಂದು ಸಂಜೆ, ಬುಡದ ಸಾಲಿನಿಂದ ಕುರಿ ತುಂಬುತ್ತ ಬಂದರೆ ಹುಲಿಗೆ ಹಿಂದಿನಿಂದ ಹಾರಲು ಜಾಗ ಇರುವುದಿಲ್ಲ ಎಂದು ಅವಳಿಗೆ ಹೊಳೆಯಿತು. ಅಲ್ಲಿಂದ ಹತ್ತೊಂಬತ್ತು, ಹದಿನೆಂಟು, ಮತ್ತೆ ಹತ್ತೊಂಬತ್ತು, ಹದಿನೆಂಟು, ಹದಿನೇಳು. ಆ ದಿನದ ಕುರಿಯ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖಿನ ಕೆಳಗೆ ಬರೆಯುತ್ತಿದ್ದಳು. ನಾನು ಕೊಬ್ಬರಿ ಕೇಳಲು ಅವರ ಮನೆಗೆ ಹೋದಾಗ ಆ ಕ್ಯಾಲೆಂಡರ್ ನೋಡಿ, ಹಾಲಿನ ಲೆಕ್ಕವೇನೋ ಅಂದುಕೊಂಡೆ. "ಹಾಲಿಂದಲ್ರಿ, ಆಕಿ ಕುರಿ ಲೆಕ್ಕ" ಎಂದು ಅಜ್ಜಿ ನಕ್ಕರು. ದಸರೆಯ ಹೊತ್ತಿಗೆ ಹದಿನೈದಕ್ಕೆ ಬಂದಿತ್ತು. ಅಜ್ಜಿ ಎಂದಿನಂತೆ ಕುರಿ ಎಣಿಸುತ್ತಿದ್ದಾಗ ಹುಡುಗಿ ಹೇಳಿದಳಂತೆ: "ಅಮ್ಮಾ, ಇನ್ನ ಮ್ಯಾಲೆ ಎಷ್ಟ್ ಕುರಿ ಅಂತ ಕೇಳಬ್ಯಾಡ. ಹದಿನೈದರಾಗ ಆಡ್ತೀನಿ. ಸೋತ್ರೂ ಹದಿನೈದ."

ಆ ಹುಡುಗಿಗೆ ಯಾರೂ ಭಾಷಣ ಮಾಡಿರಲಿಲ್ಲ. ಅಜ್ಜಿ ಸುಳ್ಳು ಸೋಲು ಸೋತಿದ್ದರೆ ಕ್ಯಾಲೆಂಡರಿನ ಆ ಸಂಖ್ಯೆಗಳಿಗೆ ಬೆಲೆಯೇ ಇರುತ್ತಿರಲಿಲ್ಲ.

ಜಪಾನಿನಲ್ಲಿ ಗೋ ಎಂಬ ಆಟದಲ್ಲಿ ಇದೇ ಪದ್ಧತಿ ರಿವಾಜಾಗಿಯೇ ಇದೆ. ಬಲಹೀನ ಆಟಗಾರನಿಗೆ ಮೊದಲೇ ಎರಡರಿಂದ ಒಂಬತ್ತು ಕಲ್ಲುಗಳನ್ನು ಹಲಗೆಯ ಮೇಲೆ ಇಡಲು ಬಿಡುತ್ತಾರೆ. ಅದರಲ್ಲಿ ಅವಮಾನವೇನಿಲ್ಲ, ಇಬ್ಬರೂ ಪೂರ್ತಿ ಬಲ ಹಾಕಿ ಆಡಬಹುದಲ್ಲ ಎಂಬುದೇ ಅದರ ಉದ್ದೇಶ.

ಚದುರಂಗಕ್ಕೂ ಇದನ್ನೇ ಮಾಡಿ, ಕಾರಟಗಿಯ ಅಜ್ಜನವರೇ. ಹೋದ ವರ್ಷದ ಹಲಗೆ ಅಟ್ಟದ ಮೇಲಿದ್ದರೆ ಇಳಿಸಿ. ಏಳರ ಮೊಮ್ಮಗನ ಜೊತೆ ನೀವು ಮಂತ್ರಿಯಿಲ್ಲದೆ ಆಡಿ. ಅವನು ಸಾಲಾಗಿ ಮೂರು ಆಟ ಗೆದ್ದರೆ ಮಂತ್ರಿ ವಾಪಸ್, ಬದಲಿಗೆ ಒಂದು ಆನೆ ತೆಗೆಯಿರಿ. ಆಮೇಲೆ ಕುದುರೆ, ಆಮೇಲೆ ಕಾಲಾಳು. ಹನ್ನೊಂದರ ಮೊಮ್ಮಗಳ ಜೊತೆ ಇನ್ನೊಂದು ಉಪಾಯ ನಡೆಯುತ್ತದೆ: ಆಟದ ನಡುವೆ ಒಂದೇ ಒಂದು ಸಲ "ತಿರುಗಿಸು" ಎನ್ನುವ ಹಕ್ಕು ಅವಳಿಗೆ. ಎಂದರೆ ಹಲಗೆ ತಿರುಗಿಸಿ ನಿಮ್ಮ ಪಡೆ ಅವಳಿಗೆ, ಅವಳದ್ದು ನಿಮಗೆ. ನೀವು ಚೆನ್ನಾಗಿ ಆಡಿದಷ್ಟೂ ಅವಳಿಗೆ ಒಳ್ಳೆಯ ಪಡೆ ಸಿಗುತ್ತದೆ, ನಿಮಗೆ ಹಾಳುಬಿದ್ದದ್ದನ್ನು ಸರಿ ಮಾಡುವ ಕೆಲಸ. ಅನುಭವ ಇರುವವರಿಗೆ ಆ ಕೆಲಸವೇ ರುಚಿ.

ಈಗಿನ ಕಾಲದಲ್ಲಿ ಇದು ತಿರುವುಮುರುವಾಗುವುದೂ ಉಂಟು. ಮೊಮ್ಮಗ ತರಬೇತಿಗೆ ಹೋಗುತ್ತಾನೆ, ಹದಿನೈದು ನಡೆಯಲ್ಲಿ ಅಜ್ಜನ ರಾಜನನ್ನು ಕಟ್ಟಿಹಾಕುತ್ತಾನೆ. ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. 2024ರ ಡಿಸೆಂಬರಿನಲ್ಲಿ ಚೆನ್ನೈನ ಗುಕೇಶ್ 18ನೆಯ ವಯಸ್ಸಿಗೆ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದ. ಮಕ್ಕಳಿಗೆ ಹುರುಪು ಬರುವುದು ಸಹಜವೇ. ಅಂಥ ಮನೆಯಲ್ಲಿ ಮಂತ್ರಿಯನ್ನು ಬಿಟ್ಟುಕೊಡಬೇಕಾದವನು ಮೊಮ್ಮಗ. ಅಜ್ಜಂದಿರೇ, ಮುಖ ಊದಿಸಿಕೊಳ್ಳದೆ ತೆಗೆದುಕೊಳ್ಳಿ.

ಎದುರಿಗೆ ಯಾರೂ ಸಿಗದ ಮಧ್ಯಾಹ್ನಕ್ಕೂ ಈ ಹಲಗೆ ಆಗುತ್ತದೆ. ಕುದುರೆಯೊಂದನ್ನೇ ಇಟ್ಟು, ಅದು ತನ್ನ ನಡೆಯಲ್ಲೇ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವಂತೆ ಮಾಡಬೇಕು. ಈ ಕುದುರೆ ಓಟದ ಹುಚ್ಚು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794–1868) ಇತ್ತು. ಅವರು ಸ್ವತಃ ಹಲವು ಹಲಗೆಯಾಟಗಳನ್ನೂ ಇಸ್ಪೀಟಿನಂಥ ಗಂಜೀಫಾ ಆಟಗಳನ್ನೂ ರೂಪಿಸಿದವರು. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗದಲ್ಲಿ ಆಟಗಳಿಗೂ ಜಾಗ ಸಿಕ್ಕಿದೆ.

ಅಳಗುಳಿಮಣೆಯ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ, ಅದಕ್ಕೇ ಒಂದು ವಾರ ಬೇಕು. ಎರಡು ಸಾಲು, ಏಳೇಳು ಗುಳಿ, ಗುಳಿಗೆ ನಾಲ್ಕರಂತೆಯೋ ಐದರಂತೆಯೋ ಬೀಜ. ಎರಡನೇ ತರಗತಿಯ ಮಗುವಿಗೆ ಕೂಡುವ ಲೆಕ್ಕ ಇದಕ್ಕಿಂತ ಚೆನ್ನಾಗಿ ಯಾವ ಟ್ಯೂಷನ್ನೂ ಕಲಿಸದು. ಆದರೆ ಅಜ್ಜಿಯಂದಿರಿಗೆ ಎದುರಿನ ಗುಳಿಯ ಬೀಜ ನೋಡಿದ ಕೂಡಲೇ ಎಣಿಕೆ ಗೊತ್ತಾಗುತ್ತದೆ, ಮಗುವಿಗೆ ಆಗುವುದಿಲ್ಲ. ಮಗು ಮುಟ್ಟಿ ಎಣಿಸಲಿ, ಅಜ್ಜಿ ನೋಡಿ ಎಣಿಸಲಿ. ಅಷ್ಟು ಮಾಡಿದರೆ ಸಾಕು. ಗುಲಗಂಜಿ ನೋಡಲು ಚೆಂದವೆಂದು ಬೀಜಕ್ಕೆ ಬದಲು ಬಳಸುವವರಿದ್ದಾರೆ. ಬಾಯಿಗೆ ಹಾಕಿಕೊಳ್ಳುವ ಪುಟ್ಟ ಮಕ್ಕಳಿರುವ ಮನೆಯಲ್ಲಿ ಅದು ಖಂಡಿತ ಬೇಡ. ಗುಲಗಂಜಿ ಅಗಿದರೆ ವಿಷ.

ಇನ್ನು ಡಬ್ಬಿ ಆಟಗಳು. ನಮ್ಮ ಕಡೆ ಎಲ್ಲ ಅಂಗಡಿಯಲ್ಲೂ ಸಿಗುವುದು ಲೂಡೊ ಮತ್ತು ವ್ಯಾಪಾರ. ಲೂಡೊ ನಮ್ಮ ಪಗಡೆಯ ಜಾತಿಯದೇ. 19ನೆಯ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಸರಳವಾಗಿ, ಬಣ್ಣ ಹಚ್ಚಿಕೊಂಡು ಮತ್ತೆ ನಮ್ಮ ಮನೆಗೇ ಬಂತು. ಪರವಾಗಿಲ್ಲ, ಆದರೆ ಚೌಕಾಬಾರ ಬಲ್ಲ ಮನೆಗೆ ಸಪ್ಪೆ. ವ್ಯಾಪಾರದ ಮೂಲ ಮನಾಪಲಿ ಆಟ. ಅದರ ಹಿಂದೆ ಅಮೆರಿಕದ ಲಿಜ್ಜಿ ಮೇಗಿ ಎಂಬಾಕೆ 1904ರಲ್ಲಿ ಪೇಟೆಂಟ್ ಪಡೆದ ಜಮೀನುದಾರನ ಆಟ ಇದೆ. ಭೂಮಿ ಕೆಲವರ ಕೈಯಲ್ಲೇ ಸೇರಿದರೆ ಉಳಿದವರ ಗತಿ ಏನಾಗುತ್ತದೆಂದು ತೋರಿಸಲು ಆಕೆ ಅದನ್ನು ಮಾಡಿದ್ದು. ಜನ ಮಾತ್ರ ಜಮೀನುದಾರನಾಗುವ ಖುಷಿಗೇ ಆಡಿದರು! ಈ ಆಟಕ್ಕೆ ನನ್ನ ತಕರಾರು ಎರಡು. ಮುಗಿಯುವುದೇ ಇಲ್ಲ. ಮತ್ತು ದಿವಾಳಿಯಾದವರು ಹೊರಗೆ. ಹೊರಬಿದ್ದದ್ದು ಸಾಮಾನ್ಯವಾಗಿ ಸಣ್ಣವನೇ ಆಗಿರುತ್ತಾನೆ, ಉಳಿದವರು ಇನ್ನೂ ಒಂದು ತಾಸು ನೋಟು ಎಣಿಸುತ್ತಿರುತ್ತಾರೆ. ಮನೆಯಲ್ಲಿ ಇದ್ದರೆ ಗಡಿಯಾರ ಇಟ್ಟು ಒಂದು ತಾಸಿಗೆ ನಿಲ್ಲಿಸಿ, ಯಾರ ಹತ್ತಿರ ಎಷ್ಟಿದೆ ಎಣಿಸಿ ಮುಗಿಸಿ.

ಹೊಸದು ಕೊಳ್ಳಲೇಬೇಕೆಂದಿದ್ದರೆ, ಯಾರನ್ನೂ ನಡುವೆ ಹೊರಗೆ ಹಾಕದ ಆಟ ನೋಡಿ. ಜರ್ಮನಿಯ ಕ್ಲೌಸ್ ಟಾಯ್ಬರ್ ಅವರ ಕಟಾನ್ (1995), ಅಲನ್ ಮೂನ್ ಅವರ ರೈಲುದಾರಿ ಕಟ್ಟುವ ಟಿಕೆಟ್ ಟು ರೈಡ್ (2004) ಅಂಥವು. ಕೊನೆಯವರೆಗೂ ಎಲ್ಲರೂ ಆಟದಲ್ಲಿರುತ್ತಾರೆ. ಕಟಾನ್‌ನಲ್ಲಿ ಮರ, ಇಟ್ಟಿಗೆ, ಕುರಿ, ಗೋಧಿಯನ್ನು ಪರಸ್ಪರ ಕೊಟ್ಟು ತೆಗೆದುಕೊಳ್ಳಬೇಕು. ಸಂತೆಯಲ್ಲಿ ಚೌಕಾಸಿ ಮಾಡಿದ ಅಜ್ಜಿಯ ಎದುರು ಅಲ್ಲಿ ಯಾರೂ ನಿಲ್ಲಲಾರರು. ಆದರೆ ಮೂರು ಜನವಾದರೂ ಬೇಕು, ಹತ್ತು ವರ್ಷದ ಮೇಲಿನವರಿಗೆ ಸರಿ, ಬೆಲೆಯೂ ಕಡಿಮೆಯಲ್ಲ. ಅದಕ್ಕಿಂತ ನಮ್ಮ ಮನೆಗಳಿಗೆ ಬ್ಲೋಕಸ್ ವಾಸಿ ಎಂದು ನನ್ನ ಎಣಿಕೆ. ನಾಲ್ಕು ಬಣ್ಣ, ಒಂದೊಂದಕ್ಕೆ 21 ತುಂಡು, 400 ಮನೆಯ ಹಲಗೆ. ನಿಯಮ ಒಂದೇ: ನಿಮ್ಮ ಬಣ್ಣದ ತುಂಡು ನಿಮ್ಮದೇ ಬಣ್ಣಕ್ಕೆ ಮೂಲೆಯಲ್ಲಿ ತಾಗಬೇಕು, ಬದಿಯಲ್ಲಿ ತಾಗಬಾರದು.

ಬ್ಲೋಕಸ್ ವಾಸಿ ಎನ್ನಲು ಕಾರಣ, ಅದರಲ್ಲಿ ಓದುವುದೇನೂ ಇಲ್ಲ. ಡಬ್ಬಿ ಕೊಳ್ಳುವವರು ಇದನ್ನು ಮರೆಯುತ್ತಾರೆ. ಎಷ್ಟೋ ಆಟಗಳಲ್ಲಿ ಚೀಟಿಗಳ ತುಂಬ ಇಂಗ್ಲಿಷ್. ಮೊಮ್ಮಗ ಪ್ರತಿ ಸಲ ಅಜ್ಜಿಯ ಚೀಟಿಯನ್ನು ಓದಿ ಹೇಳಬೇಕಾದರೆ ಅಜ್ಜಿಯ ಗುಟ್ಟೆಲ್ಲ ಅವನಿಗೆ ಗೊತ್ತಾಯಿತು, ಅಲ್ಲಿಗೆ ಅಜ್ಜಿ ಆಟಗಾರ್ತಿಯಾಗಿ ಉಳಿಯಲಿಲ್ಲ. ಬಣ್ಣ, ಆಕಾರ, ಅಂಕಿ ಮಾತ್ರ ಇರುವುದನ್ನು ಆರಿಸಿ. ಕಾಯಿಗಳು ದೊಡ್ಡದಾಗಿರಲಿ, ಪೊರೆ ಬಂದ ಕಣ್ಣಿಗೆ ತಿಳಿಹಸಿರು, ತಿಳಿನೀಲಿ ಎರಡೂ ಒಂದೇ. ಮಂಡಿ ನೋವಿದ್ದವರಿಗೆ ನೆಲದ ಆಟ ಶಿಕ್ಷೆ. ಚೌಕಾಬಾರವನ್ನು ದಪ್ಪ ಬಟ್ಟೆಯ ಮೇಲೆ ಬರೆದುಕೊಂಡರೆ ಮೇಜಿನ ಮೇಲೂ ಮಂಚದ ಮೇಲೂ ಹಾಸಬಹುದು. ಡಬ್ಬಿಯ ಮೇಲೆ ಐ.ಎಸ್.ಐ. ಗುರುತು ಇದೆಯೇ ನೋಡಿ. 2021ರ ಜನವರಿಯಿಂದ ಮಕ್ಕಳ ಆಟಿಕೆಗಳಿಗೆ ಅದು ಕಡ್ಡಾಯ. ಇನ್ನು ಮರದ ಹುಲಿ-ಕುರಿ ಬೇಕೆನ್ನುವವರಿಗೆ ಕೊಪ್ಪಳದ ಪಕ್ಕದಲ್ಲೇ ಕಿನ್ನಾಳ ಇದೆ. ತಲೆತಲಾಂತರದಿಂದ ಮರದ ಗೊಂಬೆ ಮಾಡುತ್ತ ಬಂದ ಚಿತ್ರಗಾರರ ಊರು. ಕೇಳಿ ಮಾಡಿಸಿಕೊಳ್ಳಲು ಬರುತ್ತದೆಯೋ ನೋಡಿ.

ಹಾಗಾದರೆ ಕಾರಟಗಿಗೆ ನನ್ನ ಉತ್ತರ: ಈ ವರ್ಷ ಡಬ್ಬಿ ತರಬೇಡಿ. ಮೊದಲ ವಾರ ಎಲ್ಲರೂ ಕೂಡಿ ಚೌಕಾಬಾರ, ಎರಡನೆಯ ವಾರದಿಂದ ದೊಡ್ಡಾಕಿಯ ಜೊತೆ ಹುಲಿ-ಕುರಿ, ಸಣ್ಣಾವನ ಜೊತೆ ಮಂತ್ರಿಯಿಲ್ಲದ ಚದುರಂಗ. ಉಳಿದ ದುಡ್ಡಿಗೆ ಮಾವಿನಹಣ್ಣು.

ಮೇ ಕೊನೆಗೆ ಮೊಮ್ಮಕ್ಕಳು ಬಸ್ ಹತ್ತುತ್ತಾರೆ. ಅದಕ್ಕೆ ಮೊದಲು ಒಂದು ಕೆಲಸ ಮಾಡಿಡಿ. ಒಂದರೊಳಗೊಂದು ಮೂರು ಚೌಕ ಬರೆದು, ಬದಿಗಳ ನಡುವನ್ನು ಗೆರೆಯಿಂದ ಸೇರಿಸಿದರೆ ಸಾಲುಮನೆ ಆಟದ ಹಲಗೆ. ನವಕಂಕರಿ ಎಂದರೂ ಇದೇ. 24 ಜಾಗ, ಇಬ್ಬರಿಗೂ ಒಂಬತ್ತೊಂಬತ್ತು ಕಾಯಿ, ಮೂರು ಒಂದೇ ಸಾಲಿಗೆ ಬಂದರೆ ಎದುರಾಳಿಯ ಒಂದು ಕಾಯಿ ತೆಗೆಯಬಹುದು. ಇಂಥದ್ದೇ ಎರಡು ಹಲಗೆ ಬರೆದು, ಎರಡರಲ್ಲೂ ಜಾಗಗಳಿಗೆ 1ರಿಂದ 24ರವರೆಗೆ ಒಂದೇ ರೀತಿ ಅಂಕಿ ಹಾಕಿ. ಒಂದು ಹಲಗೆ ಮೊಮ್ಮಕ್ಕಳ ಚೀಲಕ್ಕೆ, ಒಂದು ನಿಮ್ಮ ಗೋಡೆಗೆ. ದಿನಕ್ಕೊಂದು ನಡೆ, ರಾತ್ರಿ ಊಟದ ಮೇಲೆ ಫೋನಿನಲ್ಲಿ. "ಅಜ್ಜಾ, ಹದಿನಾಲ್ಕಕ್ಕ ಇಟ್ಟೆ" ಎಂದರೆ ಸಾಕು. ಉಂಡೆಯಾ, ಓದಿದೆಯಾ ಎಂಬ ಎರಡು ಪ್ರಶ್ನೆ ಮುಗಿದ ಮೇಲೆ ಮಾತೇ ಸಿಗದ ಫೋನಿಗೆ ಇದರಿಂದ ಇನ್ನೂ ಐದು ನಿಮಿಷ ಸಿಗುತ್ತದೆ.

ಮಕ್ಕಳೇ, ಈ ವಾರದ ಸಮಸ್ಯೆ. ಚೌಕಾಬಾರದಲ್ಲಿ ಅಜ್ಜಿಯ ಒಂದೇ ಕಾಯಿ ಹೊರಸುತ್ತಿನಲ್ಲಿದೆ, ಮುಂದಿನ ಎಸೆತ ಅವರದು. ನಿಮ್ಮ ಕಾಯಿಯನ್ನು ಅವರಿಗಿಂತ 2 ಮನೆ ಮುಂದೆ, 3 ಮನೆ ಮುಂದೆ ಅಥವಾ 5 ಮನೆ ಮುಂದೆ ನಿಲ್ಲಿಸಬಹುದು. ಮೂರೂ ಬಯಲಿನ ಮನೆಗಳೇ, ಕಟ್ಟೆಯಲ್ಲ. ಎಲ್ಲಿ ನಿಲ್ಲಿಸುತ್ತೀರಿ? ನಾಲ್ಕು ಕವಡೆಗೆ ಐದು ಬೀಳುವುದೇ ಇಲ್ಲ, ಅದೇ ಸುರಕ್ಷಿತ ಎಂದು ಅವಸರಪಟ್ಟು ಬರೆಯಬೇಡಿ. ಚೌಕ ಬಿದ್ದರೆ ಅಜ್ಜಿಗೆ ಇನ್ನೊಂದು ಎಸೆತವಿದೆ. ಅದನ್ನೂ ಲೆಕ್ಕಕ್ಕೆ ಹಿಡಿದು, ಮೂರು ಜಾಗದಲ್ಲೂ ಅಪಾಯ ಎಷ್ಟೆಷ್ಟು ಎಂದು ಬರೆದು ಕಳಿಸಿ. ಜೊತೆಗೆ ನಿಮ್ಮ ಮನೆಯ ಚೌಕಾಬಾರದ ನಿಯಮದ ಹಾಳೆಯೂ ಬರಲಿ. ಉತ್ತರ ಮುಂದಿನ ವಾರ.